ಓನರ್ ನನ್ನ ಹಳೇ ಸ್ಟೂಡೆಂಟು, ಬಾಡಿಗೆ ತಕರಾರಿಗೆ ನಾನು ಪಂಚನಾಗಿ ಕೂತ್ಕೋಬಹುದಾ?

ಪ್ರಶ್ನೆ: ಸಾರ್, ನಾನು ತುಮಕೂರಿನೋನು, ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆಗಿ ಆರು ವರ್ಷ ಆಯ್ತು. ನಮ್ಮ ಬೀದಿಯ ಒಂದು ಬಾಡಿಗೆ ಮನೆ ತಕರಾರು ನನ್ನ ಹತ್ರ ಬಂದಿದೆ. ಓನರು ನನ್ನ ಹಳೇ ಸ್ಟೂಡೆಂಟು. ಬಾಡಿಗೆಗಿದ್ದೋರು ರಾಯಚೂರು ಕಡೆಯೋರು, ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ, ಮೂರು ವರ್ಷ ಇದ್ದು ಖಾಲಿ ಮಾಡಿದ್ರು. ಬಾಡಿಗೆ 12,000, ಅಡ್ವಾನ್ಸ್ 1,20,000. ಅದ್ರಲ್ಲಿ ಪೇಂಟಿಂಗ್‌ಗೆ 24,000, ಅಡುಗೆಮನೆ ಕಟ್ಟೆ ಕಲ್ಲು ಸೀಳಿದ್ದಕ್ಕೆ 9,000, ಸಂಪಿನ ಮೋಟರ್‌ಗೆ 13,000, ಒಂದು ತಿಂಗಳ ನೋಟಿಸ್ ಕೊಡಲಿಲ್ಲ ಅಂತ 12,000, ಒಟ್ಟು 58,000 ಹಿಡ್ಕೊಂಡಿದ್ದಾನೆ. ಅಗ್ರಿಮೆಂಟಲ್ಲಿ "ತಕರಾರು ಬಂದಲ್ಲಿ ಮಾಲೀಕರು ನೇಮಿಸುವ ಮಧ್ಯಸ್ಥಗಾರರ ತೀರ್ಮಾನವೇ ಅಂತಿಮ" ಅಂತಿದೆ, ಅದರ ಪ್ರಕಾರ ನನ್ನ ಹೆಸರು ಹೇಳಿದ್ದಾನೆ. ಬಾಡಿಗೆಯೋರೂ ಫೋನಲ್ಲಿ "ನೀವ್ ಹೇಳಿದಂಗ ಆಗ್ಲಿ ಸರ್" ಅಂದ್ರು. ಎರಡು ವಿಷಯ ಮುಚ್ಚಿಡಲ್ಲ. ಅವನು ನಡೆಸೋ ಚೀಟಿಲಿ ನಾನೂ ಇದೀನಿ, ನನ್ನ ಎರಡು ಲಕ್ಷ ಇನ್ನೂ ಎತ್ತಿಲ್ಲ. ಮತ್ತೆ ಹೋದ ತಿಂಗಳು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋವಾಗ ಸಿಕ್ಕಿದ್ದ, "ಪೇಂಟಿಂಗ್‌ದು ಹಿಡ್ಕೊಳ್ಳೋದು ನ್ಯಾಯಾನೇ ಕಣೋ" ಅಂದಿದ್ದೆ. ಆದ್ರೆ ನನ್ನ ಮನಸ್ಸಲ್ಲಿ ಭೇದಭಾವ ಇಲ್ಲ, ಮೂವತ್ತು ವರ್ಷ ಪೇಪರ್ ತಿದ್ದಿದೋನು. ನಾನು ಕೂತ್ಕೋಬಹುದಾ?

ಉತ್ತರ: ಕೂತ್ಕೋಬೇಡಿ ಮೇಷ್ಟ್ರೇ. ಮೊದಲೇ ಹೇಳ್ಬಿಡ್ತೀನಿ, ಯಾಕೆ ಅಂತ ಆಮೇಲೆ ನಿಧಾನಕ್ಕೆ ಬರೀತೀನಿ.

ನೀವು ಸರಿಯಿಲ್ಲ ಅಂತ ಅಲ್ಲ, ಚೀಟಿ ವಿಷಯ ಇಡ್ಲಿ ವಿಷಯ ಎಲ್ಲಾನೂ ಬಿಚ್ಚಿ ಬರೆದಿದ್ದೀರ, ಎಷ್ಟೋ ದೊಡ್ಡ ದೊಡ್ಡ ಆರ್ಬಿಟ್ರೇಟರ್‌ಗಳು (ಅಂದ್ರೆ ನಿಮ್ಮ ಅಗ್ರಿಮೆಂಟಲ್ಲಿರೋ ಥರದ ಮಧ್ಯಸ್ಥಗಾರರು) ಬಾಯಿ ಬಿಡದ ವಿಷಯ ಇವು. ಆದ್ರೆ ನೀವು ಪ್ರಶ್ನೆ ಕೇಳಿರೋ ದಿಕ್ಕೇ ಬೇರೆ ಆಗಿದೆ. ನನ್ನ ಮನಸ್ಸಲ್ಲಿ ಭೇದ ಇದೆಯಾ ಅಂತ ನಿಮ್ಮನ್ನೇ ನೀವು ಕೇಳ್ಕೊಂಡು, ಇಲ್ಲ ಅಂತ ನೀವೇ ಉತ್ತರ ಕೊಟ್ಕೊಂಡು, ಪಾಸ್ ಅಂತ ನೀವೇ ಮಾರ್ಕ್ಸ್ ಹಾಕ್ಕೊಂಡಿದ್ದೀರ. ಇದಕ್ಕೆ ಸುಪ್ರೀಂ ಕೋರ್ಟು 1987ರಲ್ಲೇ ಉತ್ತರ ಹೇಳಿದೆ, ರಂಜಿತ್ ಠಾಕೂರ್ ಅನ್ನೋ ಸೈನಿಕನ ಕೇಸಲ್ಲಿ. ಆ ಸೈನಿಕ ತನ್ನ ಮೇಲಧಿಕಾರಿ ಮೇಲೆ ಕಂಪ್ಲೇಂಟ್ ಕೊಟ್ಟಿದ್ದ, ಆಮೇಲೆ ಅವನ ಮೇಲೆ ಕೋರ್ಟ್ ಮಾರ್ಷಲ್ ನಡೆದಾಗ ಅದೇ ಅಧಿಕಾರಿನೇ ಕೂತು ತೀರ್ಮಾನ ಮಾಡಿದ್ರು. ಕೋರ್ಟ್ ಹೇಳಿದ್ದು ಏನು ಅಂದ್ರೆ, ನ್ಯಾಯ ಹೇಳೋನು ನಾನು ಪಕ್ಷಪಾತಿನಾ ಅಂತ ಎಷ್ಟೇ ಪ್ರಾಮಾಣಿಕವಾಗಿ ತನ್ನ ಮನಸ್ಸನ್ನ ತಾನು ನೋಡ್ಕೊಂಡ್ರೂ ಅದು ಲೆಕ್ಕಕ್ಕಿಲ್ಲ, ಎದುರಿಗೆ ನಿಂತಿರೋನ ಮನಸ್ಸಿಗೆ ಏನು ಅನ್ನಿಸುತ್ತೆ ಅಂತ ನೋಡ್ಬೇಕು.

ಹಂಗಾಗಿ ಸ್ವಲ್ಪ ಹೊತ್ತು ನಿಮ್ಮ ಮನೆ ಜಗಲಿ ಬಿಟ್ಟು ಆ ರಾಯಚೂರಿನೋರ ಜಾಗದಲ್ಲಿ ನಿಂತು ನೋಡಿ. ಅವ್ರಿಗೆ ಈ ಊರಲ್ಲಿ ಯಾರೂ ಇಲ್ಲ, ಶಿಫ್ಟ್ ಮುಗಿಸ್ಕೊಂಡು ಕಂಪನಿ ಬಸ್ಸಲ್ಲಿ ಬರೋ ಮನುಷ್ಯ, ಅವ್ರ ದುಡ್ಡು 58,000 ಅಂದ್ರೆ ಹತ್ತತ್ರ ಐದು ತಿಂಗಳ ಬಾಡಿಗೆ. ಅವ್ರ ಎದುರಿಗೆ ಕೂತಿರೋ ಪಂಚರನ್ನ ಓನರು "ಸಾರ್" ಅನ್ನಲ್ಲ, "ನಮ್ಮ ಮೇಷ್ಟ್ರು" ಅಂತಾನೆ. ಮೂರು ವಾರ ಆದ್ಮೇಲೆ ಬೀದಿ ಮೂಲೆ ಅಂಗಡಿಲಿ ಯಾರೋ "ಅಯ್ಯೋ ಆ ಮೇಷ್ಟ್ರು ಅವ್ರ ಚೀಟಿಲೇ ಇದಾರಲ್ಲ" ಅಂತಾರೆ. ಆಗ ನೀವು 58,000ದಲ್ಲಿ 50,000 ವಾಪಸ್ ಕೊಡಿಸಿದ್ರೂನೂ, ಉಳಿದ ಎಂಟು ಸಾವಿರ ಚೀಟಿಗೋಸ್ಕರ ಹೋಯ್ತು ಅಂತಾನೇ ಅವ್ರು ಸಾಯೋವರೆಗೂ ನಂಬೋದು, ಅವ್ರ ನಂಬಿಕೆ ತಪ್ಪು ಅಂತ ಹೇಳೋಕೆ ನಿಮ್ಮ ಹತ್ರ ಏನೂ ಇರಲ್ಲ.

ಈಗ ಒಂದೊಂದೇ ತಗೊಳ್ಳೋಣ. ಶಿಷ್ಯ ಅನ್ನೋದು ಅಂಥ ದೊಡ್ಡ ವಿಷಯ ಅಲ್ಲ, ತುಮಕೂರಂಥ ಊರಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದೋರಿಗೆ ಅರ್ಧ ಊರೇ ಶಿಷ್ಯರು, ತಿಳಿಸಿ ಮುಂದಕ್ಕೆ ಹೋಗಬಹುದಿತ್ತು. ಚೀಟಿ ಹಂಗಲ್ಲ. ನೀವು ಇನ್ನೂ ಎತ್ತಿಲ್ಲ ಅಂದ್ರೆ ನಿಮ್ಮ ಎರಡು ಲಕ್ಷ ಅವನ ಕೈಯಲ್ಲಿದೆ ಅಂತ ಅರ್ಥ, ಅವನಿಗೆ ಬೇಜಾರು ಮಾಡಿದ್ರೆ ನಿಮ್ಮ ದುಡ್ಡು ಬರೋದು ನಿಧಾನ ಆಗಬಹುದು ಅನ್ನೋ ಅಳುಕು ನಿಮಗಿಲ್ಲ ಅಂತ ನೀವಂತೀರ, ಆದ್ರೆ ಯಾರು ನಂಬ್ತಾರೆ? (ಆ ಚೀಟಿ ರಿಜಿಸ್ಟರ್ ಆಗಿದೆಯಾ ಅನ್ನೋದು ಬೇರೆ ಕಥೆ, ಅದನ್ನ ಇಲ್ಲಿ ಕೆದಕಲ್ಲ.) 1996ರ ಆರ್ಬಿಟ್ರೇಷನ್ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿದಾಗ ನಾಲ್ಕು ಹೊಸ ಶೆಡ್ಯೂಲ್ (ಕಾಯ್ದೆ ಕೊನೇಲಿ ಬರೋ ಪಟ್ಟಿಗಳು) ಸೇರಿಸಿದ್ರು, ಅದ್ರಲ್ಲಿ ಮೂರು ನಮಗಿಲ್ಲಿ ಬೇಕು. ಐದನೇದು, ಯಾವ್ಯಾವ ಸಂಬಂಧ ಇದ್ರೆ ಅನುಮಾನ ಬರುತ್ತೆ ಅನ್ನೋ ಪಟ್ಟಿ. ಆರನೇದು, ಅದನ್ನ ಬರೆದುಕೊಡೋಕೆ ಫಾರಂ. ಏಳನೇದು, ಯಾವ್ಯಾವ ಸಂಬಂಧ ಇದ್ರೆ ಕೂರಲೇಬಾರದು ಅನ್ನೋ ಪಟ್ಟಿ. ಗಂಡ ಹೆಂಡ್ತಿ ಒಡಹುಟ್ಟಿದೋರು ಅಪ್ಪ ಅಮ್ಮ ಮಕ್ಕಳು ಅನ್ನೋದು ಎಲ್ಲರಿಗೂ ಹೊಳೆಯೋದೇ, ಆದ್ರೆ ಅದ್ರ ಜೊತೆ ಕಕ್ಷಿದಾರನ ಜೊತೆಗಿನ ವ್ಯವಹಾರದ ಸಂಬಂಧ, ಹಿಂದಿಂದಾದ್ರೂ ಸರಿ ಈಗಿಂದಾದ್ರೂ ಸರಿ, ಅದೂ ಏಳನೇ ಪಟ್ಟಿಲಿ ಮೊದಲನೇ ಸಾಲಲ್ಲೇ ಇದೆ. ಚೀಟಿ ವ್ಯವಹಾರ ಅಲ್ಲ ಅಂತ ನೀವು ವಾದ ಮಾಡ್ತೀರಾ? ನಾನಂತೂ ಮಾಡಲ್ಲ.

ಇನ್ನು ತಟ್ಟೆ ಇಡ್ಲಿ. ಓದ್ತಾ ನಗು ಬಂತು, ಆಮೇಲೆ ನಗೋ ವಿಷಯ ಅಲ್ಲ ಅನ್ನಿಸ್ತು. ಅದೇ ಏಳನೇ ಶೆಡ್ಯೂಲಲ್ಲಿ, ಈ ತಕರಾರಿನ ಬಗ್ಗೆ ಒಬ್ಬ ಕಕ್ಷಿದಾರನಿಗೆ ಮೊದಲೇ ಕಾನೂನು ಸಲಹೆನೋ ತಜ್ಞರ ಅಭಿಪ್ರಾಯನೋ ಕೊಟ್ಟಿದ್ರೆ ಕೂರಬಾರದು ಅಂತಿದೆ. ನೀವು ವಕೀಲರಲ್ಲ, ಚಟ್ನಿ ಹಾಕಿಸ್ಕೊಳ್ತಾ ಅಂದ ಮಾತು ಸಲಹೆ ಆಗುತ್ತಾ ಅಂತ ಕೋರ್ಟಲ್ಲಿ ಎಳೆದಾಡಬಹುದು. ಆದ್ರೆ ಅದಕ್ಕಿಂತ ಮುಖ್ಯ, ಅವನು 24,000 ಹಿಡ್ಕೊಂಡಿದ್ದೇ ನಿಮ್ಮ ಮಾತಿನ ಧೈರ್ಯದ ಮೇಲೆ ಇರಬಹುದಲ್ವಾ? ಈಗ ನೀವು ಕೂತು ಅದು ತಪ್ಪು ಅಂದ್ರೆ ನಿಮ್ಮ ಮಾತನ್ನ ನೀವೇ ನುಂಗಿದಂಗೆ, ಸರಿ ಅಂದ್ರೆ ಇಡ್ಲಿ ಹೋಟ್ಲಲ್ಲೇ ತೀರ್ಪಾಗಿತ್ತು ಅಂದಂಗೆ. ಎರಡೂ ಕಡೆ ನೀವು ಫ್ರೀಯಾಗಿಲ್ಲ.

ಬಾಡಿಗೆಯೋರು ಒಪ್ಪಿದಾರಲ್ಲ ಅಂತೀರ. ಕಾಯ್ದೆಲಿ ಅದಕ್ಕೆ ಜಾಗ ಇದೆ ನಿಜ, 12ನೇ ಸೆಕ್ಷನ್ನಿನ ಐದನೇ ಉಪಸೆಕ್ಷನ್ ಪ್ರಕಾರ ಅನರ್ಹ ಆದೋರನ್ನೂ ಎರಡೂ ಕಡೆಯೋರು ಸೇರಿ ಒಪ್ಕೋಬಹುದು. ಆದ್ರೆ ತಕರಾರು ಹುಟ್ಟಿದ ಮೇಲೆ ಒಪ್ಕೊಂಡಿರಬೇಕು, ಬರವಣಿಗೆಲಿ ಇರಬೇಕು, ಸ್ಪಷ್ಟವಾಗಿ ಇರಬೇಕು. ಫೋನಲ್ಲಿ ಅಂದ "ನೀವ್ ಹೇಳಿದಂಗ ಆಗ್ಲಿ ಸರ್" ತಕರಾರು ಹುಟ್ಟಿದ ಮೇಲೆ ಬಂದಿದ್ದು ನಿಜ, ಆದ್ರೆ ಅದು ಬರವಣಿಗೆನೂ ಅಲ್ಲ, ಸ್ಪಷ್ಟವೂ ಅಲ್ಲ. ಚೀಟಿ ವಿಷಯ ಗೊತ್ತಿಲ್ಲದೆ ಅಂದಿದ್ದು ಅದು. ಅಲ್ಲದೆ ಅವ್ರು ಹಂಗಂದಿದ್ದು ನಿಮ್ಮ ಮೇಲಿನ ನಂಬಿಕೆಗಾ ಅಥವಾ ಬೇರೆ ದಾರಿ ಇಲ್ಲ ಅಂತಾನಾ ಅನ್ನೋದು ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ.

ಅಗ್ರಿಮೆಂಟಿನ ಆ ಸಾಲು ಇದೆಯಲ್ಲ, "ಮಾಲೀಕರು ನೇಮಿಸುವ", ಟೈಪಿಂಗ್ ಅಂಗಡಿಲಿ ಒಂದೇ ಮಾದರಿನ ಹೆಸರು ಬದಲಾಯಿಸಿ ಪ್ರಿಂಟ್ ತೆಗೆಯೋದ್ರಿಂದ ಇದು ನೂರಾರು ಅಗ್ರಿಮೆಂಟಲ್ಲಿ ಇರುತ್ತೆ, ನನ್ನ ಟೇಬಲ್ಲಿಗೇ ಎಷ್ಟೋ ಬಂದಿದಾವೆ. 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಕೇಸಲ್ಲಿ ಸುಪ್ರೀಂ ಕೋರ್ಟು, ತಕರಾರಿನ ಫಲಿತಾಂಶದಲ್ಲಿ ಹಿತಾಸಕ್ತಿ ಇರೋನು ಒಬ್ಬನೇ ಆರ್ಬಿಟ್ರೇಟರನ್ನ ತಾನೇ ಆರಿಸಿ ಕೂರಿಸೋ ಹಂಗಿಲ್ಲ ಅಂತ ಹೇಳಿದೆ. ಹಂಗಾಗಿ ನಿಮ್ಮ ಚೀಟಿ, ಇಡ್ಲಿ ಏನೂ ಇಲ್ಲದೆ ಇದ್ದಿದ್ರೂ, ಅವನೊಬ್ಬನೇ ಹೆಸರು ಹೇಳಿದ ಅನ್ನೋ ಒಂದೇ ಕಾರಣಕ್ಕೆ ನಿಮ್ಮ ತೀರ್ಪು ಕೋರ್ಟಲ್ಲಿ ನಿಲ್ಲೋದು ಕಷ್ಟ. ಸೋತೋನು ತೀರ್ಪು ಕೈಗೆ ಸಿಕ್ಕಿದ ಮೂರು ತಿಂಗಳೊಳಗೆ ಕೋರ್ಟಿಗೆ ಹೋಗಿ ಇದನ್ನ ರದ್ದು ಮಾಡಿ ಅಂತ ಕೇಳಬಹುದು. ನಿಂತ್ರೆ ಮಾತ್ರ ಅದು ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಥರಾನೇ ಜಾರಿ ಆಗುತ್ತೆ. ಬೀದಿ ಪಂಚಾಯ್ತಿಗೂ ಇದಕ್ಕೂ ಅಷ್ಟು ವ್ಯತ್ಯಾಸ ಇದೆ, ಹಗುರವಾಗಿ ತಗೋಬೇಡಿ.

ಬಾಡಿಗೆ ತಕರಾರನ್ನ ಆರ್ಬಿಟ್ರೇಷನ್‌ಗೆ ತಗೊಂಡು ಹೋಗಬಹುದಾ ಅಂತ ಬೇರೆಯೋರೂ ಕೇಳ್ತಿರ್ತಾರೆ, ಅದನ್ನೂ ಬೇಗ ಮುಗಿಸ್ಬಿಡ್ತೀನಿ. 2020ರ ಡಿಸೆಂಬರಲ್ಲಿ ವಿದ್ಯಾ ದ್ರೋಲಿಯಾ ಕೇಸಲ್ಲಿ ಮೂರು ಜನ ಜಡ್ಜ್‌ಗಳ ಪೀಠ ಹೇಳಿದ್ದು ಇಷ್ಟು, 1882ರ ಆಸ್ತಿ ವರ್ಗಾವಣೆ ಕಾಯ್ದೆ ಕೆಳಗೆ ಬರೋ ಬಾಡಿಗೆ ತಕರಾರು ಆಗುತ್ತೆ, ರೆಂಟ್ ಆಕ್ಟ್ ಕೆಳಗೆ ಬಂದು ಅದಕ್ಕೇ ಅಂತ ಕೋರ್ಟ್ ಇದ್ರೆ ಆಗಲ್ಲ. ನಮ್ಮ ಕರ್ನಾಟಕದ 1999ರ ರೆಂಟ್ ಆಕ್ಟು ಹಿಡಿಯೋದು ಊರು ನೋಡ್ಕೊಂಡು ತಿಂಗಳಿಗೆ 2,000 ಅಥವಾ 3,500 ರೂಪಾಯಿ ಒಳಗಿನ ಬಾಡಿಗೆ ಮನೆಗಳನ್ನ. 12,000ದ ಮನೆ ಆದ್ರಿಂದ ನಿಮ್ಮದು ಆರ್ಬಿಟ್ರೇಷನ್‌ಗೆ ಬರೋ ತಕರಾರೇ.

ಈಗ ನನ್ನದೇ ಒಂದು ಕಥೆ ಹೇಳ್ತೀನಿ, ನಾಚಿಕೆ ಆಗುತ್ತೆ ಆದ್ರೂ. ಸುಮಾರು ವರ್ಷದ ಹಿಂದೆ ಬಟವಾಡಿ ಕಡೆ ಒಂದು ಮನೆ, ಗೋಡೆ ತೇವ ಹಿಡಿದಿದ್ದು ಬಾಡಿಗೆಯೋರು ಬಾತ್‌ರೂಮಿನ ಟ್ಯಾಪ್ ಹಾಳುಮಾಡಿದ್ದಕ್ಕಾ ಅಥವಾ ಮೇಲಿನ ಟ್ಯಾಂಕ್ ಸೋರ್ತಿರೋದಕ್ಕಾ ಅನ್ನೋ ತಕರಾರು. ಇಬ್ಬರೂ ಸೇರಿ ನನ್ನನ್ನ ಒಪ್ಕೊಂಡಿದ್ರು. ಮನೆ ನೋಡೋಕೆ ಹೋಗ್ಬೇಕಿತ್ತು, ಅವತ್ತು ಬೆಳಿಗ್ಗೆ ನನ್ನ ಸ್ಕೂಟರ್ ಸ್ಟಾರ್ಟ್ ಆಗ್ಲಿಲ್ಲ, ಟೌನ್ ಹಾಲ್ ಹತ್ರ ಆಟೋಗೆ ನಿಂತಿದ್ದೆ. ಓನರು ಕಾರಲ್ಲಿ ಅದೇ ದಾರಿಲಿ ಬಂದ್ರು, "ಬನ್ನಿ ಸಾರ್ ಅಲ್ಲಿಗೇ ತಾನೇ" ಅಂದ್ರು, ಹತ್ತಿದೆ. ಹತ್ತು ನಿಮಿಷದ ದಾರಿ, ಕೇಸಿನ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ಮಳೆ ಬಗ್ಗೆ ಮಾತಾಡಿದ್ವಿ ಅಷ್ಟೇ. ಕಾರಿಂದ ಇಳಿಯೋವಾಗ ಬಾಡಿಗೆಯ ಹೆಣ್ಣುಮಗಳು ಗೇಟ್ ಹತ್ರ ನಿಂತಿದ್ರು, ಕೈಯಲ್ಲಿ ಹಳೇ ನೀರಿನ ಬಿಲ್ಲುಗಳ ಪ್ಲಾಸ್ಟಿಕ್ ಕವರು. ನನ್ನ ಮುಖ ನೋಡಿದ್ರು, ಕಾರ್ ನೋಡಿದ್ರು, ಕವರನ್ನ ಸೆರಗಿನ ಒಳಗೆ ಇಟ್ಕೊಂಡ್ರು. ಆಮೇಲೆ ನಾನು ಏನು ಕೇಳಿದ್ರೂ "ನೀವೇ ನೋಡಿ ಸಾರ್" ಅನ್ನೋದೊಂದೇ ಉತ್ತರ. ಗೋಡೆ ನೋಡಿದ್ರೆ ತಪ್ಪು ಟ್ಯಾಂಕಿಂದೇ ಅಂತ ನನಗೆ ಅಲ್ಲೇ ಗೊತ್ತಾಯ್ತು, ತೀರ್ಪು ಅವ್ರ ಕಡೆಗೇ ಆಗ್ತಿತ್ತು. ಆದ್ರೆ ಸಂಜೆ ಅವ್ರ ಅಣ್ಣ ಫೋನ್ ಮಾಡಿ ಬೇರೆಯೋರನ್ನ ನೋಡ್ಕೋತೀವಿ ಅಂದ್ರು. ಕಾಯ್ದೆ ಪ್ರಕಾರ ಆಕ್ಷೇಪಣೆ ಎತ್ತೋಕೆ ಅವ್ರಿಗೆ ವಿಷಯ ಗೊತ್ತಾದಾಗಿಂದ ಹದಿನೈದು ದಿನ ಟೈಮಿದೆ, ಅವ್ರು ಒಂದೇ ದಿನಕ್ಕೆ ಎತ್ತಿದ್ರು. ನಾನು ಹಿಂದೆ ಸರಿದೆ. ಅವತ್ತಿಂದ ಮನೆ ನೋಡೋಕೆ ಹೋಗೋವಾಗ ಬಾಟಲಲ್ಲಿ ನೀರೂ ನಾನೇ ತಗೊಂಡು ಹೋಗ್ತೀನಿ, ಯಾಕಂದ್ರೆ ನಮ್ಮೂರಲ್ಲಿ ಕಾಫಿ ಬೇಡ ಅಂದ್ರೆ ಬೇಜಾರು, ಕುಡಿದ್ರೆ ಅನುಮಾನ. "ಎರಡು ಮನೇಲೂ ಕುಡಿಯಂಗಿದ್ರೆ ಕುಡೀತೀನಮ್ಮಾ, ಅವ್ರು ಮನೆ ಖಾಲಿ ಮಾಡಿ ಸ್ಟವ್ವೇ ತಗೊಂಡು ಹೋಗಿದಾರಲ್ಲ" ಅಂತ ನಗಾಡ್ಕೊಂಡು ತಪ್ಪಿಸ್ಕೋತೀನಿ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ನಿಮ್ಮ ಬದಲು ಯಾರೇ ಕೂತ್ರೂ ಅವ್ರು ಹೆಂಗೆ ನಡ್ಕೋಬೇಕು ಅನ್ನೋದೂ ನಿಮಗೆ ಗೊತ್ತಿರಲಿ ಅಂತ, ನಾಳೆ ಇನ್ನೊಂದು ತಕರಾರಿಗೆ ನೀವೇ ಕೂರಬಹುದು. ಕೇಳಿದ ಕೂಡ್ಲೇನೇ, ಒಪ್ಕೊಳ್ಳೋಕೆ ಮುಂಚೆನೇ, ಇಬ್ಬರ ಜೊತೆಗಿನ ಸಂಬಂಧನೆಲ್ಲ ಬರೆದು ಇಬ್ಬರಿಗೂ ಕೊಡಬೇಕು, ಚೀಟಿ, ಸಾಲ, ಒಂದೇ ಸಂಘದ ಕಮಿಟಿಲಿ ಇರೋದು, ಮದುವೆ ಸಂಬಂಧ, ಎಲ್ಲಾನೂ. ನಿಮಗೇ ಬಾಡಿಗೆಗೆ ಕೊಟ್ಟಿರೋ ಮನೆಗಳಿದ್ರೆ ಅದನ್ನೂ ಬರೀರಿ, ಅದಕ್ಕೆ ಅನರ್ಹ ಆಗಲ್ಲ, ಆದ್ರೆ ಬಾಡಿಗೆಯೋನಿಗೆ ಅದು ಮೊದಲೇ ಗೊತ್ತಿರ್ಬೇಕು. ಒಬ್ಬನೇ ಓನರು ಮೂರು ವರ್ಷದಲ್ಲಿ ಎರಡು ಸಲ ನಿಮ್ಮನ್ನೇ ಕರೆದಿದ್ರೆ ಅದೂ ಐದನೇ ಶೆಡ್ಯೂಲಿನ ಪಟ್ಟಿಲಿ ಇದೆ. ಒಂದು ಸಲ ಬರೆದುಕೊಟ್ರೆ ಮುಗೀತು ಅಂತಲ್ಲ, ಮಧ್ಯದಲ್ಲಿ ಏನಾದ್ರೂ ಹೊಸದಾಗಿ ಹುಟ್ಕೊಂಡ್ರೆ ಆಗ್ಲೂ ಹೇಳ್ಬೇಕು.

ಮೊಬೈಲ್ ಬಂದ್ಮೇಲೆ ಇನ್ನೊಂದು ತಲೆನೋವು. ರಾತ್ರಿ ಹತ್ತೂವರೆಗೆ ಓನರು ವಾಟ್ಸಾಪಲ್ಲಿ ಒಡೆದ ಸ್ವಿಚ್ ಬೋರ್ಡ್ ಫೋಟೋ ಕಳಿಸ್ತಾನೆ, ಕೆಳಗೆ "ನೋಡಿ ಸಾರ್ ಎಂಥ ಜನ" ಅಂತ. ನೋಡಿ ಸುಮ್ನಾದ್ರೂ ತಪ್ಪೇ, ಅದು ನಿಮ್ಮ ತಲೇಲಿ ಕೂತಿರುತ್ತೆ, ಇನ್ನೊಬ್ಬನಿಗೆ ಅದಕ್ಕೆ ಉತ್ತರ ಹೇಳೋ ಅವಕಾಶನೇ ಸಿಗಲ್ಲ. ಒಬ್ಬರು ಕೊಟ್ಟಿದ್ದೆಲ್ಲಾನೂ ಇನ್ನೊಬ್ಬರಿಗೂ ಹೋಗ್ಬೇಕು ಅಂತ ಕಾಯ್ದೆಲೇ ಇದೆ. ನಾನು ಮೊದಲ ದಿನಾನೇ ಮೂರು ಜನದ ಒಂದು ಗ್ರೂಪ್ ಮಾಡ್ತೀನಿ, ಏನಿದ್ರೂ ಅದ್ರಲ್ಲೇ ಹಾಕಿ ಅಂತೀನಿ, ಪ್ರೈವೇಟಾಗಿ ಬಂದ್ರೆ ಹಂಗೇ ಗ್ರೂಪಿಗೆ ಫಾರ್ವರ್ಡ್ ಮಾಡ್ತೀನಿ. ಎರಡು ಸಲ ಮಾಡಿದ್ರೆ ಮೂರನೇ ಸಲ ಯಾರೂ ಕಳಿಸಲ್ಲ! ಫೀಸು ತಗೊಳ್ಳೋದಾದ್ರೆ ಮೊದಲೇ ಎಷ್ಟು ಅಂತ ಹೇಳಿ ಇಬ್ಬರಿಂದಲೂ ಸಮಸಮ. ಬಡವ ಅಂತ ಒಬ್ಬನಿಗೆ ಬಿಟ್ಟು ಇನ್ನೊಬ್ಬನಿಂದ ಪೂರ್ತಿ ತಗೊಂಡ್ರೆ ದಯೆ ಥರ ಕಾಣುತ್ತೆ, ಆದ್ರೆ ನಿಮಗೆ ಸಂಬಳ ಕೊಡೋನು ಒಬ್ಬನೇ ಆದಂಗೆ. ಆಗಲ್ಲ ಅಂದ್ರೆ ಇಬ್ಬರಿಂದಲೂ ಬೇಡ.

ಇನ್ನು ನಮ್ಮೋರು ಎಲ್ಲರೂ ಮಾಡೋ ತಪ್ಪು ಒಂದಿದೆ, ನಾನು ಇದನ್ನೇ ಎಲ್ಲಕ್ಕಿಂತ ದೊಡ್ಡದು ಅಂತೀನಿ. "ನೀನೊಂದಿಷ್ಟು ಬಿಡು, ಅವನೊಂದಿಷ್ಟು ಬಿಡ್ಲಿ", ಅಂದ್ರೆ 58,000ನ ಅರ್ಧ ಮಾಡಿ 29,000 ಅಂತ ಹೇಳಿ ಕೈ ತೊಳ್ಕೊಳ್ಳೋದು. ನೋಡೋಕೆ ತಕ್ಕಡಿ ಸಮ ಇದ್ದಂಗೆ ಕಾಣುತ್ತೆ. ಆದ್ರೆ ಓನರು 58,000 ಕೇಳಿದ್ದಕ್ಕೆ 29,000 ಸಿಕ್ತು, 1,00,000 ಕೇಳಿದ್ರೆ 50,000 ಸಿಗ್ತಿತ್ತು ಅಂದ್ರೆ ಜಾಸ್ತಿ ಕೇಳಿದೋನಿಗೇ ಲಾಭ ಮಾಡಿದಂಗೆ, ಅದು ಪಕ್ಷಪಾತ ಅಲ್ದೆ ಇನ್ನೇನು? ಕಾಯ್ದೆನೂ ಇದಕ್ಕೆ ಒಪ್ಪಲ್ಲ. ಮನಸ್ಸಿಗೆ ನ್ಯಾಯ ಅನ್ನಿಸಿದಂಗೆ ಹೇಳಿ ಅಂತ ಇಬ್ಬರೂ ಸ್ಪಷ್ಟವಾಗಿ ಅಧಿಕಾರ ಕೊಟ್ಟಿದ್ರೆ ಮಾತ್ರ ಹಂಗೆ ಮಾಡಬಹುದು, ಇಲ್ಲಾಂದ್ರೆ ಅಗ್ರಿಮೆಂಟಲ್ಲಿ ಏನಿದೆ ಕಾನೂನಲ್ಲಿ ಏನಿದೆ ಅಂತ ಬಾಬ್ತು ಬಾಬ್ತಾಗಿ ನೋಡಿ ಕಾರಣ ಬರೀಬೇಕು. ಮೋಟರ್ ಹೋಗಿದ್ದು ಹಳೇದಾಗಿದ್ದಕ್ಕಾ ಅಥವಾ ಸಂಪಲ್ಲಿ ನೀರಿಲ್ದಾಗ ಓಡಿಸಿದ್ದಕ್ಕಾ, ಮೆಕ್ಯಾನಿಕ್ ಏನಂದ, ಬಿಲ್ ಎಲ್ಲಿ? ಕಟ್ಟೆ ಕಲ್ಲು ಅವ್ರು ಬರೋಕೆ ಮುಂಚೆ ಹೆಂಗಿತ್ತು, ಫೋಟೋ ಇದೆಯಾ? ಪೇಂಟಿಂಗ್‌ಗೆ ಎರಡು ತಿಂಗಳ ಬಾಡಿಗೆ ಅಂತ ಅಗ್ರಿಮೆಂಟಲ್ಲಿ ಬರೆದಿದೆಯಾ ಅಥವಾ ಬಾಯಿ ಮಾತಾ? ಮಾಮೂಲಿ ಬಳಕೆಯಿಂದ ಸವೆದಿದ್ದಕ್ಕೆ ಬಾಡಿಗೆಯೋನು ಹೊಣೆ ಅಲ್ಲ ಅಂತ ಆಸ್ತಿ ವರ್ಗಾವಣೆ ಕಾಯ್ದೆ 108ನೇ ಸೆಕ್ಷನ್ ಹೇಳುತ್ತೆ, ಆದ್ರೆ ಅಗ್ರಿಮೆಂಟಲ್ಲಿ ಬೇರೆ ಥರ ಬರ್ಕೊಂಡಿದ್ರೆ ಅದನ್ನ ನೋಡ್ಬೇಕಾಗುತ್ತೆ. ನೋಟಿಸ್ ವಿಷಯಾನೂ ಹಂಗೇ. ಇದಕ್ಕೆಲ್ಲ ಉತ್ತರ ಏನು ಅಂತ ನನ್ನ ಕೇಳ್ಬೇಡಿ, ಇನ್ನೊಂದು ಕಡೆ ಕೇಳ್ದೆ ಹೇಳಿದ್ರೆ ನಿಮ್ಮ ಇಡ್ಲಿ ಹೋಟ್ಲು ತಪ್ಪನ್ನೇ ನಾನೂ ಮಾಡಿದಂಗೆ.

ಹಂಗಾದ್ರೆ ಏನ್ಮಾಡೋದು? ಇಬ್ಬರೂ ಸೇರಿ ಬೇರೆ ಒಬ್ಬರ ಹೆಸರು ಒಪ್ಕೊಂಡು ಬರೆದು ಸೈನ್ ಹಾಕ್ಲಿ, ಒಬ್ಬರು ಇಲ್ಲಾಂದ್ರೆ ಮೂವರು, ಇಬ್ಬರು ಮಾತ್ರ ಬೇಡ, ಕಾಯ್ದೆನೇ ಬೆಸ ಸಂಖ್ಯೆ ಇರ್ಬೇಕು ಅನ್ನುತ್ತೆ. ಇಷ್ಟು ಸಣ್ಣ ಮೊತ್ತಕ್ಕೆ ಅದೂ ಬೇಡ ಅನ್ನಿಸಿದ್ರೆ ತುಮಕೂರು ಕೋರ್ಟಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಕೇಸ್ ಹಾಕೋಕೆ ಮುಂಚೆನೇ ಲೋಕ್ ಅದಾಲತ್‌ಗೆ ಅರ್ಜಿ ಕೊಡಬಹುದು, ಅಲ್ಲಿ ಇಬ್ಬರೂ ಒಪ್ಪಿ ರಾಜಿ ಆದ್ರೆ ಅದೂ ಡಿಕ್ರಿನೇ, ಅಪೀಲೂ ಇಲ್ಲ. ನಿಮಗೆ ಸುಮ್ನೆ ಕೂರೋಕೆ ಆಗದೆ ರಾಜಿ ಮಾಡಿಸೋಣ ಅನ್ನಿಸಿದ್ರೆ, ಚೀಟಿ ಇಡ್ಲಿ ಎರಡೂ ರಾಯಚೂರಿನೋರಿಗೆ ಹೇಳ್ಬಿಟ್ಟು, ಅವ್ರು ಪರ್ವಾಗಿಲ್ಲ ಅಂದ್ರೆ ಮಧ್ಯದಲ್ಲಿ ಕೂತು ಮಾತಾಡಿಸಿ. ಅಲ್ಲಿ ನೀವು ತೀರ್ಪು ಹೇಳಲ್ಲ, ಅವ್ರು ಎದ್ದು ಹೋಗಬಹುದು. ಆದ್ರೆ ರಾಜಿ ಮುರಿದುಬಿತ್ತು ಅಂತ ನೀವೇ ಪಂಚನಾಗಿ ಬದಲಾಗೋದು ಮಾತ್ರ ಬೇಡ, ಗುಟ್ಟೆಲ್ಲ ಕೇಳಿಸ್ಕೊಂಡಿರ್ತೀರ.

ಶಿಷ್ಯನಿಗೆ ಏನಂತ ಹೇಳೋದು ಅನ್ನೋದು ನಿಮ್ಮ ನಿಜವಾದ ಸಂಕಟ ಅಂತ ಗೊತ್ತು. ಹಿಂಗೆ ಹೇಳಿ ನೋಡಿ: "ನಾನು ಹೋಟ್ಲಲ್ಲಿ ಪೇಂಟಿಂಗ್ ಬಗ್ಗೆ ಬಾಯಿ ಬಿಟ್ಟಾಗ್ಲೇ ನಿನ್ನ ಪಂಚ ಆಗೋ ಯೋಗ್ಯತೆ ಕಳ್ಕೊಂಡೆ ಕಣಪ್ಪಾ, ಬೇಕಾದ್ರೆ ನಿನ್ನ ಕಡೆ ಸಾಕ್ಷಿಯಾಗಿ ಬರ್ತೀನಿ." ರಾಯಚೂರಿನೋರಿಗೂ ಅದನ್ನೇ ಎರಡು ಸಾಲಲ್ಲಿ ವಾಟ್ಸಾಪ್ ಮಾಡಿ, ಚೀಟಿ ವಿಷಯಾನೂ ಸೇರಿಸಿ. ಇವತ್ತೇ ಮಾಡಿ, ಬೇರೆಯೋರಿಂದ ಅವ್ರ ಕಿವಿಗೆ ಬೀಳೋಕೆ ಮುಂಚೆ.